ಒಂದೇ ರಾತ್ರಿ ಪ್ರಸಾರವಾಗಿ ಮಾಯವಾದ ಕಂತು

1970ರ ಜನವರಿ 7, ಬುಧವಾರ ರಾತ್ರಿ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಒಂದು ಪತ್ತೇದಾರಿ ಧಾರಾವಾಹಿಯ ಕಂತು ಪ್ರಸಾರವಾಯಿತು. ಜನ ನೋಡಿದರು, ಟಿವಿ ಆಫ್ ಮಾಡಿದರು, ಮಲಗಿದರು. ಅಷ್ಟೇ. ಆ ಕಂತು ಮತ್ತೆ ಪ್ರಸಾರವಾಗಲಿಲ್ಲ. ಧಾರಾವಾಹಿಯ ಉಳಿದ ಕಂತುಗಳು ಊರೂರಿನ ಚಾನೆಲ್‌ಗಳಲ್ಲಿ ಮರುಪ್ರಸಾರ ಆದವು, ಇದು ಆಗಲಿಲ್ಲ. 2007ರಲ್ಲಿ ಎರಡನೇ ಸೀಸನ್‌ನ ಡಿವಿಡಿ ಬಂತು, ಅದರಲ್ಲೂ ಈ ಕಂತು ಇಲ್ಲ. ಅಭಿಮಾನಿಗಳು ಮಾತ್ರ ಹಳೇ ಪ್ರಿಂಟಿನ ನಕಲು ಸಿಕ್ಕೀತಾ ಅಂತ ಹುಡುಕುತ್ತಲೇ ಬಂದರು.

ಯಾಕೆ ಹೀಗಾಯಿತು? ಸರ್ಕಾರ ನಿಷೇಧಿಸಿತಾ? ಇಲ್ಲ. ರಾಜಕೀಯ ಒತ್ತಡವಾ? ಅದೂ ಅಲ್ಲ. ಇವತ್ತು ಈ ಕಥೆ ಹೇಳುವುದಕ್ಕೆ ಕಾರಣ ಇದೆ. ಹವಾಯಿ ದ್ವೀಪದ ಆ ಹಳೇ ಕಂತಿಗೂ, ನಾವು ದಿನಾ ರಾತ್ರಿ ನಿಮಗೆ ತೋರಿಸುವ ಸುದ್ದಿಗೂ ನೇರ ಸಂಬಂಧ ಇದೆ.

ಮೊದಲು ಧಾರಾವಾಹಿ ಯಾವುದು ಅಂತ ಹೇಳಿಬಿಡುತ್ತೇನೆ. ಹೆಸರು 'ಹವಾಯಿ ಫೈವ್-ಓ'. ಹವಾಯಿ ಅಮೆರಿಕಕ್ಕೆ ಸೇರಿದ 50ನೇ ರಾಜ್ಯ, 1959ರಲ್ಲಿ ಸೇರಿತು. ಆ 50 ಅನ್ನುವುದೇ ಫೈವ್-ಓ. ರಾಜ್ಯಪಾಲರಿಗೆ ನೇರವಾಗಿ ಉತ್ತರ ಕೊಡುವ ವಿಶೇಷ ಪೊಲೀಸ್ ತಂಡ, ಅದರ ಮುಖ್ಯಸ್ಥ ಸ್ಟೀವ್ ಮೆಕ್‌ಗ್ಯಾರೆಟ್. ಆ ಪಾತ್ರ ಮಾಡಿದ ನಟ ಜ್ಯಾಕ್ ಲಾರ್ಡ್. ಕೊನೆಗೆ ಆರೋಪಿ ಸಿಕ್ಕಿಬಿದ್ದಾಗ ಸಹಾಯಕನ ಕಡೆ ತಿರುಗಿ 'ಬುಕ್ ಎಮ್, ಡ್ಯಾನೊ' ಅನ್ನುತ್ತಾನಲ್ಲ, ಆ ಡೈಲಾಗ್ ಅಮೆರಿಕದ ಮನೆಮನೆ ಮಾತಾಗಿತ್ತು. 1968ರಿಂದ 1980ರವರೆಗೆ 12 ಸೀಸನ್ ಓಡಿದ ಧಾರಾವಾಹಿ ಇದು. ಅದರ ಕಾಲದಲ್ಲಿ ಅಷ್ಟು ದೀರ್ಘ ಓಡಿದ ಕ್ರೈಮ್ ಧಾರಾವಾಹಿ ಅಮೆರಿಕದಲ್ಲಿ ಇನ್ನೊಂದಿರಲಿಲ್ಲ. 2010ರಲ್ಲಿ ಹೊಸ ನಟರನ್ನು ಹಾಕಿಕೊಂಡು ಮತ್ತೆ ಶುರುಮಾಡಿದರು, ಅದೂ 10 ವರ್ಷ ಓಡಿತು. ಅಂದರೆ ಇದು ಯಾರೂ ನೋಡದ ಮೂಲೆ ಕಾರ್ಯಕ್ರಮವಲ್ಲ. ಅಪ್ಪ ಅಮ್ಮ ಮಕ್ಕಳು ಸೋಫಾ ಮೇಲೆ ಒಟ್ಟಿಗೆ ಕೂತು ನೋಡುತ್ತಿದ್ದ ಕಾರ್ಯಕ್ರಮ.

ಎರಡನೇ ಸೀಸನ್‌ನ ಆ ಕಂತಿನ ಹೆಸರು 'ಬೋರ್ಡ್, ಶಿ ಹಂಗ್ ಹರ್‌ಸೆಲ್ಫ್'. ಕನ್ನಡದಲ್ಲಿ ಹೇಳಬೇಕಂದರೆ, 'ಬೇಜಾರಾಯಿತು, ನೇಣು ಹಾಕಿಕೊಂಡಳು'. ಈ ಶೀರ್ಷಿಕೆ ನೆನಪಿನಲ್ಲಿಡಿ, ಆಮೇಲೆ ಇದಕ್ಕೇ ವಾಪಸ್ ಬರುತ್ತೇನೆ. ಕಥೆ ಏನು? ಒಬ್ಬ ಯುವತಿ ಸತ್ತಿದ್ದಾಳೆ. ಆತ್ಮಹತ್ಯೆಯಾ, ಕೊಲೆಯಾ? ಮೆಕ್‌ಗ್ಯಾರೆಟ್ ತನಿಖೆ ಮಾಡುತ್ತಾನೆ. ಈ ಕಥೆಯ ಒಳಗೆ ಒಂದು ಅಪಾಯಕಾರಿ ವಿಷಯ ಸೇರಿಕೊಂಡಿತ್ತು. ಜೀವ ತೆಗೆಯುವಂಥ ಒಂದು ಕೆಲಸವನ್ನು, ಆರೋಗ್ಯಕ್ಕಾಗಿ ಮಾಡುವ ಯೋಗದ ಅಭ್ಯಾಸ ಅಂತ ಆ ಕಂತಿನಲ್ಲಿ ತೋರಿಸಲಾಗಿತ್ತು. ಅದನ್ನು ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ, ವಿವರಿಸಬೇಕಾಗಿಯೂ ಇಲ್ಲ.

ಕಂತು ಮಾಯವಾದದ್ದಕ್ಕೆ ಟಿವಿ ಇತಿಹಾಸ ಬರೆಯುವವರು, ಅಭಿಮಾನಿಗಳು ದಶಕಗಳಿಂದ ಹೇಳಿಕೊಂಡು ಬಂದಿರುವ ಕಾರಣ ಒಂದೇ: ಅದನ್ನು ನೋಡಿದ ವೀಕ್ಷಕರೊಬ್ಬರು ಮನೆಯಲ್ಲಿ ಹಾಗೇ ಮಾಡಲು ಹೋಗಿ ಸತ್ತರು. ನೂರು ದೇಹ ಬಿದ್ದರೂ ಪ್ರಶ್ನೆ ಬಾರದ ಕ್ರೈಮ್ ಧಾರಾವಾಹಿಯಲ್ಲಿ, ಈ ಒಂದು ಕಂತಿಗೆ ಮಾತ್ರ ಕಪಾಟಿನ ಬೀಗ ಬಿತ್ತು.

ಯೋಗ ಅಂತ ಬಂದಮೇಲೆ ಕನ್ನಡಿಗರಾಗಿ ಒಂದು ಮಾತು ಹೇಳದೇ ಇರಲಾಗದು. ಅರವತ್ತರ ದಶಕದ ಅಮೆರಿಕ ಹೇಗಿತ್ತು ನೋಡಿ. ಬೀಟಲ್ಸ್ ತಂಡ 1968ರಲ್ಲಿ ಹೃಷಿಕೇಶಕ್ಕೆ ಬಂದು ಹೋಗಿತ್ತು. ಹಿಪ್ಪಿಗಳ ಕಾಲ. ಯೋಗ ಅಂದರೆ ಏನೋ ವಿಚಿತ್ರ, ಏನೋ ಮಾಂತ್ರಿಕ ಅನ್ನುವ ಭಾವನೆ. ಯಾವ ಹುಚ್ಚು ಸಾಹಸಕ್ಕಾದರೂ ಯೋಗ ಅನ್ನುವ ಹೆಸರಿಟ್ಟರೆ ಜನ ನಂಬುತ್ತಿದ್ದರು. ಅದೇ ಕಾಲದಲ್ಲಿ, 1966ರಲ್ಲಿ, ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ 'ಲೈಟ್ ಆನ್ ಯೋಗ' ಪುಸ್ತಕ ಬಂತು. ಅಯ್ಯಂಗಾರ್ ಅವರು ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತವರು, ಪುಣೆಯಲ್ಲಿ ನೆಲೆಸಿದವರು. ಅವರ ಪದ್ಧತಿಯಲ್ಲಿ ಗೋಡೆಗೆ ಕಟ್ಟಿದ ಹಗ್ಗದ ಬಳಕೆ ಇದೆ, ನಿಜ. ಆದರೆ ಆ ಹಗ್ಗ ಆಧಾರ ಕೊಡುವುದು ಸೊಂಟದ ಭಾಗಕ್ಕೆ, ಗುರುವಿನ ಕಣ್ಣೆದುರು, ಬೆನ್ನಿಗೆ ಭಾರ ಬೀಳದಿರಲಿ ಅಂತ. ಆ ಕಂತಿನಲ್ಲಿ ತೋರಿಸಿದಂಥದ್ದು ಪತಂಜಲಿಯ ಸೂತ್ರದಲ್ಲೂ ಇಲ್ಲ, ಹಠಯೋಗ ಪ್ರದೀಪಿಕೆಯಲ್ಲೂ ಇಲ್ಲ. ಆದರೆ ಟಿವಿ ಪರದೆ ಮೇಲೆ ಒಂದು ಸಲ ಯೋಗ ಅಂತ ಹೆಸರು ಹಚ್ಚಿದರೆ ಸಾಕು, ನೋಡುವವನಿಗೆ ಅದೇ ಸತ್ಯ. ಪರೀಕ್ಷಿಸಿ ನೋಡಲು ಅವನ ಬಳಿ ಗುರು ಇಲ್ಲ, ಪುಸ್ತಕ ಇಲ್ಲ, ಇರುವುದು ಟಿವಿ ಒಂದೇ.

ಈಗ ನಿಮ್ಮಲ್ಲಿ ಒಂದು ಪ್ರಶ್ನೆ ಎದ್ದಿರುತ್ತೆ. 'ಅಲ್ಲ ಸ್ವಾಮಿ, ಟಿವಿ ನೋಡಿ ಯಾರಾದರೂ ಸಾಯುತ್ತಾರಾ? ಸಾಯುವವರು ಹೇಗಿದ್ದರೂ ಸಾಯುತ್ತಾರೆ. ಎಲ್ಲದಕ್ಕೂ ಟಿವಿಯನ್ನೇ ಬೈಯೋದಾ?' ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಐವತ್ತು ವರ್ಷ ಬಾಯಿಂದ ಬಾಯಿಗೆ ಬಂದ ಒಂದು ಕಥೆ ಸಾಕಾಗುವುದಿಲ್ಲ. ಲೆಕ್ಕ ಬೇಕು. ಲೆಕ್ಕ ಇದೆ.

ಮೊದಲನೆಯದು ಜರ್ಮನಿಯದು. 1981ರಲ್ಲಿ, ಆಗಿನ ಪಶ್ಚಿಮ ಜರ್ಮನಿಯ ಝಡ್‌ಡಿಎಫ್ ಚಾನೆಲ್ ಆರು ಕಂತುಗಳ ಒಂದು ಧಾರಾವಾಹಿ ಪ್ರಸಾರ ಮಾಡಿತು. ಹೆಸರಿನ ಅರ್ಥ 'ಒಬ್ಬ ವಿದ್ಯಾರ್ಥಿಯ ಸಾವು'. 19 ವರ್ಷದ ಹುಡುಗನೊಬ್ಬ ರೈಲು ಹಳಿಯ ಮೇಲೆ ಸಾಯುತ್ತಾನೆ. ಯಾಕೆ ಸತ್ತ ಅಂತ ಒಂದೊಂದು ಕಂತು ಒಂದೊಂದು ದೃಷ್ಟಿಯಿಂದ ಹುಡುಕುತ್ತೆ. ಅಪ್ಪ ಅಮ್ಮ ಏನಂತಾರೆ, ಮೇಷ್ಟ್ರು ಏನಂತಾರೆ, ಸ್ನೇಹಿತರು ಏನಂತಾರೆ. ಮಾಡಿದವರ ಉದ್ದೇಶ ಒಳ್ಳೆಯದೇ. ಹದಿಹರೆಯದ ಮಕ್ಕಳ ನೋವು ದೊಡ್ಡವರಿಗೆ ಅರ್ಥವಾಗಲಿ, ಇಂಥ ಸಾವು ತಪ್ಪಲಿ ಅನ್ನುವುದು. ಆದರೆ ಒಂದೊಂದು ಕಂತೂ ಆ ಸಾವಿನ ದೃಶ್ಯದಿಂದಲೇ ಶುರುವಾಗುತ್ತಿತ್ತು. ಆರು ವಾರ, ಆರು ಸಲ.

ಮಾನ್‌ಹೈಮ್ ನಗರದ ಇಬ್ಬರು ಸಂಶೋಧಕರು, ಷ್ಮಿಟ್‌ಕೆ ಮತ್ತು ಹೆಫ್ನರ್, ರೈಲ್ವೆ ಸಾವುಗಳ ದಾಖಲೆ ತೆಗೆದು ಲೆಕ್ಕ ಹಾಕಿದರು. ಧಾರಾವಾಹಿ ಬಂದ ದಿನಗಳಲ್ಲಿ ಮತ್ತು ಅದರ ನಂತರದ ವಾರಗಳಲ್ಲಿ, 15ರಿಂದ 19 ವರ್ಷದ ಹುಡುಗರಲ್ಲಿ ಅದೇ ರೀತಿಯ ಆತ್ಮಹತ್ಯೆ ಶೇ. 175ರವರೆಗೆ ಹೆಚ್ಚಿತ್ತು. ಕಥೆಯ ಹುಡುಗನದೇ ವಯಸ್ಸು, ಅದೇ ಲಿಂಗ, ಅದೇ ವಿಧಾನ. ವಯಸ್ಸಾದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. 1982ರಲ್ಲಿ ಮರುಪ್ರಸಾರ ಮಾಡಿದಾಗ ನೋಡಿದವರು ಕಡಿಮೆ, ಏರಿಕೆಯೂ ಕಡಿಮೆ. ಅಧ್ಯಯನ 1988ರಲ್ಲಿ ಪ್ರಕಟವಾಯಿತು. ತಡೆಯಬೇಕು ಅಂತ ಮಾಡಿದ ಧಾರಾವಾಹಿಯೇ ದಾರಿ ತೋರಿಸಿಬಿಟ್ಟಿತ್ತು.

ಎರಡನೆಯದು ಬ್ರಿಟನ್‌ನದು. ಬಿಬಿಸಿಯಲ್ಲಿ 'ಕ್ಯಾಷುಯಾಲ್ಟಿ' ಅನ್ನುವ ಆಸ್ಪತ್ರೆ ಧಾರಾವಾಹಿ ಬಹಳ ಜನಪ್ರಿಯ. 1996ರ ಒಂದು ಕಂತಿನಲ್ಲಿ ಒಂದು ಪಾತ್ರ ಮನೆಯಲ್ಲೇ ಸಿಗುವ ಮಾತ್ರೆಯನ್ನು ಮಿತಿಮೀರಿ ನುಂಗುತ್ತದೆ. ಸಂಶೋಧಕರು 49 ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳ ದಾಖಲೆ ನೋಡಿದರು. ಆ ಕಂತು ಬಂದ ಮೊದಲ ವಾರ ವಿಷ ಸೇವನೆ ಪ್ರಕರಣ ಶೇ. 17 ಏರಿತ್ತು, ಎರಡನೇ ವಾರ ಶೇ. 9. ಆಸ್ಪತ್ರೆಯಲ್ಲಿದ್ದವರಲ್ಲಿ ಆ ಕಂತು ನೋಡಿದವರನ್ನು ಮಾತಾಡಿಸಿದಾಗ, ಐವರಲ್ಲಿ ಒಬ್ಬರು 'ಹೌದು, ಅದು ನನ್ನ ಮೇಲೆ ಪರಿಣಾಮ ಮಾಡಿತು' ಅಂದರು.

ಗಮನಿಸಿ. ಟಿವಿ ನೋಡಿ ಸಂತೋಷವಾಗಿದ್ದ ಮನುಷ್ಯ ದಿಢೀರ್ ಅಂತ ಸಾಯಲು ಹೊರಡುವುದಿಲ್ಲ. ಇದನ್ನು ಯಾರೂ ಹೇಳುತ್ತಿಲ್ಲ. ಒಳಗೊಳಗೇ ಕುದಿಯುತ್ತಿರುವ, ಆ ವಾರ, ಆ ರಾತ್ರಿ ತೂಗುಯ್ಯಾಲೆಯಲ್ಲಿ ಕೂತಿರುವ ಒಬ್ಬ ವ್ಯಕ್ತಿ ಇರುತ್ತಾನೆ. ಆ ಕಡೆ ಹೋಗಬೇಕಾ, ಈ ಕಡೆ ಬರಬೇಕಾ ಅನ್ನುವ ಗಳಿಗೆ. ಆ ಗಳಿಗೆ ದಾಟಿದರೆ ಬಹಳ ಜನ ಬದುಕುತ್ತಾರೆ, ಇದನ್ನು ಮನೋವೈದ್ಯರು ಹೇಳುತ್ತಲೇ ಇದ್ದಾರೆ. ಆ ಗಳಿಗೆಯಲ್ಲಿ ಪರದೆ ಅವನ ಕೈಗೆ ಏನು ಕೊಡುತ್ತೆ? ಒಂದು ವಿಧಾನವನ್ನಾ, ಒಂದು ಫೋನ್ ನಂಬರನ್ನಾ? ಪ್ರಶ್ನೆ ಇಷ್ಟೇ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಬೇಕು. ಹಾಗಂತ ಯಾರೋ ಬೇಡ ಅಂದ ಎಲ್ಲವನ್ನೂ ವಾಪಸ್ ಪಡೆಯಬೇಕಾ? ಇಲ್ಲ. ವಾಪಸ್ ಪಡೆಯುವುದರಲ್ಲೂ ಬಗೆ ಇದೆ. 2001ರ ಜನವರಿಯಲ್ಲಿ ಅಮೆರಿಕದ 'ಲಾ ಅಂಡ್ ಆರ್ಡರ್' ಧಾರಾವಾಹಿಯ ಒಂದು ಕಂತು ನ್ಯೂಯಾರ್ಕ್‌ನ ಪೋರ್ಟೊ ರಿಕೊ ಮೂಲದ ಜನರಿಗೆ ನೋವುಂಟು ಮಾಡಿತು. ತಮ್ಮ ಸಮುದಾಯದ ಮೆರವಣಿಗೆಯನ್ನು ಗೂಂಡಾಗಳ ಜಾತ್ರೆ ಥರ ತೋರಿಸಿದ್ದಾರೆ ಅಂತ ಪ್ರತಿಭಟಿಸಿದರು. ಎನ್‌ಬಿಸಿ ಚಾನೆಲ್ ಕ್ಷಮೆ ಕೇಳಿತು. 2013ರಲ್ಲಿ 'ಹ್ಯಾನಿಬಲ್' ಧಾರಾವಾಹಿಯ ನಾಲ್ಕನೇ ಕಂತನ್ನು ಅಮೆರಿಕದಲ್ಲಿ ಪ್ರಸಾರ ಮಾಡಬೇಡಿ ಅಂತ ಅದನ್ನು ರೂಪಿಸಿದ ಬ್ರಯನ್ ಫುಲ್ಲರ್ ಅವರೇ ಕೇಳಿಕೊಂಡರು. ಮಕ್ಕಳ ಕೈಯಲ್ಲಿ ಕೊಲೆ ಮಾಡಿಸುವ ಕಥೆ ಅದು, ಕೆಲವೇ ತಿಂಗಳ ಹಿಂದೆ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದಿತ್ತು. ಒಂದು ಕಡೆ ಸಮುದಾಯದ ನೋವು, ಇನ್ನೊಂದು ಕಡೆ ದೇಶದ ಶೋಕ. ಎರಡೂ ಮನಸ್ಸಿಗೆ ಸಂಬಂಧಿಸಿದ್ದು. ಇದರ ಬಗ್ಗೆ ವಾದ ಮಾಡಬಹುದು, ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಹುದು.

ನಮ್ಮ ದೇಶದಲ್ಲಿ ಈ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. 1988ರಲ್ಲಿ ದೂರದರ್ಶನದಲ್ಲಿ 'ತಮಸ್' ಬಂತು. ಭೀಷ್ಮ ಸಾಹನಿ ಅವರ ಕಾದಂಬರಿ, ಗೋವಿಂದ ನಿಹಲಾನಿ ಅವರ ನಿರ್ದೇಶನ, ದೇಶ ವಿಭಜನೆಯ ಕಾಲದ ಗಲಭೆಯ ಕಥೆ. ಇದನ್ನು ತೋರಿಸಿದರೆ ಗಲಭೆಯಾಗುತ್ತೆ, ನಿಲ್ಲಿಸಿ ಅಂತ ಅರ್ಜಿ ಬಿತ್ತು. ಕೋರ್ಟ್ ನಿಲ್ಲಿಸಲಿಲ್ಲ. ಅದು ಹೇಳಿದ ತತ್ವದ ಸಾರ ಇಷ್ಟು: ಒಂದು ಕೃತಿಯ ಪರಿಣಾಮವನ್ನು ವಿವೇಕ ಇರುವ, ಗಟ್ಟಿ ಮನಸ್ಸಿನ ಮನುಷ್ಯನ ಅಳತೆಗೋಲಿನಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವನ ಅಳತೆಗೋಲಿನಿಂದ ಅಲ್ಲ.

ಈ ತೀರ್ಪಿನ ಬಗ್ಗೆ ನನಗೆ ಪೂರ್ಣ ಗೌರವ ಇದೆ. ಟಿವಿಯಲ್ಲಿ ಕೆಲಸ ಮಾಡುವ ನಮಗೆಲ್ಲ ಅದು ರಕ್ಷಾಕವಚ. 'ನಮ್ಮ ಭಾವನೆಗೆ ಧಕ್ಕೆಯಾಯಿತು' ಅಂತ ಬೆಳಗಾದರೆ ಯಾರೋ ಒಬ್ಬರು ಬರುವ ಈ ಕಾಲದಲ್ಲಿ ಅದು ಇನ್ನೂ ಗಟ್ಟಿಯಾಗಿರಬೇಕು. ಆದರೆ ಸಾಯುವ ವಿಧಾನವನ್ನು ತೋರಿಸುವ ವಿಷಯಕ್ಕೆ ಬಂದಾಗ ಅದೇ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಗಟ್ಟಿ ಮನಸ್ಸಿನ ನೂರು ಜನಕ್ಕೆ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆ ನೂರಾ ಒಂದನೆಯವನು ಇದ್ದಾನಲ್ಲ, ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತವನು, ಲೆಕ್ಕಕ್ಕೆ ಅವನೇ ಬೇಕು. ಅಭಿಪ್ರಾಯದ ವಿಷಯದಲ್ಲಿ ಗಟ್ಟಿಯವರನ್ನು ನೋಡಿ ತೀರ್ಮಾನಿಸಿ. ಪ್ರಾಣದ ವಿಷಯದಲ್ಲಿ ಕುಗ್ಗಿದವರನ್ನು ನೋಡಿ ತೀರ್ಮಾನಿಸಿ. ರಸ್ತೆ ಹಂಪ್ ಹಾಕುವುದು ಒಳ್ಳೆಯ ಡ್ರೈವರ್‌ಗಾಗಿ ಅಲ್ಲ ಅಲ್ವಾ?

ಸರಿ, ಹಾಗಾದರೆ ಹವಾಯಿ ಕಂತಿಗೆ ಮಾಡಿದ ಹಾಗೆ ಕಪಾಟಿಗೆ ಹಾಕಿ ಬೀಗ ಜಡಿದರೆ ಮುಗಿಯಿತಾ? ನನ್ನ ಪ್ರಕಾರ ಮುಗಿಯಲಿಲ್ಲ. ಬೀಗ ಹಾಕಿದ್ದರಿಂದ ಏನಾಯಿತು ನೋಡಿ. ಆ ಕಂತು 'ನಿಷೇಧಿತ ಕಂತು' ಅಂತ ದಂತಕಥೆಯಾಯಿತು. ಸಾಮಾನ್ಯ ಕಂತಾಗಿ ಉಳಿದಿದ್ದರೆ ಎಲ್ಲರೂ ಮರೆಯುತ್ತಿದ್ದರು, ಈಗ ಅದನ್ನೇ ಹುಡುಕುವವರು ಹುಟ್ಟಿಕೊಂಡರು. ಬಚ್ಚಿಟ್ಟದ್ದಕ್ಕೆ ಬೆಲೆ ಜಾಸ್ತಿ, ಇದು ಹಳೇ ಮಾತು.

ಇದಕ್ಕಿಂತ ಉತ್ತಮ ದಾರಿ ಇದೆ. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಥರ್ಟೀನ್ ರೀಸನ್ಸ್ ವೈ' ಅನ್ನುವ ಸರಣಿ ಬಂತು. ಶಾಲಾ ಹುಡುಗಿಯೊಬ್ಬಳ ಆತ್ಮಹತ್ಯೆಯ ಕಥೆ. ಮೊದಲ ಸೀಸನ್‌ನ ಕೊನೇ ಕಂತಿನಲ್ಲಿ ಆ ಸಾವನ್ನು ಸುಮಾರು ಮೂರು ನಿಮಿಷ ತೋರಿಸಿದ್ದರು. ಮನೋವೈದ್ಯರು ಆಕ್ಷೇಪಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಚರ್ಚೆ ನಡೆದು, 2019ರ ಜುಲೈನಲ್ಲಿ ಆ ದೃಶ್ಯವನ್ನು ಮಾತ್ರ ಕತ್ತರಿಸಿದರು. ಸರಣಿ ಉಳಿಯಿತು, ಕಥೆ ಉಳಿಯಿತು, ಹುಡುಗಿಯ ನೋವು ಉಳಿಯಿತು. ಹೋದದ್ದು 'ಹೇಗೆ' ಅನ್ನುವ ಭಾಗ. ಅದು ಹೋದ ಮೇಲೆ ಕಥೆಯಲ್ಲಿ ಏನಾದರೂ ಕಡಿಮೆಯಾಯಿತಾ? ಏನೂ ಇಲ್ಲ.

ಇನ್ನೂ ದೊಡ್ಡ ಉದಾಹರಣೆ ಆಸ್ಟ್ರಿಯಾದ ವಿಯೆನ್ನಾ ನಗರದ್ದು. ಇದು ಧಾರಾವಾಹಿಯ ಕಥೆಯಲ್ಲ, ನಮ್ಮಂಥ ಸುದ್ದಿಯವರ ಕಥೆ. ಅಲ್ಲಿ 1978ರಲ್ಲಿ ಮೆಟ್ರೋ ಶುರುವಾಯಿತು. ಎಂಬತ್ತರ ದಶಕದ ನಡುವಿನಲ್ಲಿ ಮೆಟ್ರೋ ಹಳಿ ಮೇಲಿನ ಆತ್ಮಹತ್ಯೆಗಳು ಏರುತ್ತಾ ಹೋದವು. ಪತ್ರಿಕೆಗಳು ಮುಖಪುಟದಲ್ಲಿ ದೊಡ್ಡಕ್ಷರ, ಫೋಟೋ, ಸಂಪೂರ್ಣ ವಿವರ ಕೊಡುತ್ತಿದ್ದವು. 1987ರಲ್ಲಿ ಆತ್ಮಹತ್ಯೆ ತಡೆ ತಜ್ಞರು ಪತ್ರಕರ್ತರ ಮುಂದೆ ಒಂದು ಕೋರಿಕೆ ಇಟ್ಟರು. ಮುಖಪುಟ ಬೇಡ, ಫೋಟೋ ಬೇಡ, ವಿಧಾನದ ವಿವರ ಬೇಡ, ಪ್ರೇಮಕಥೆಯ ಬಣ್ಣ ಬೇಡ. ಪತ್ರಕರ್ತರು ಒಪ್ಪಿದರು. ಕೆಲವರು ಸಣ್ಣದಾಗಿ ಬರೆದರು, ಕೆಲವರು ಬರೆಯುವುದನ್ನೇ ಬಿಟ್ಟರು. ಅದೇ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ನಂತರದ ಆರು ತಿಂಗಳಲ್ಲಿ ಮೆಟ್ರೋದ ಪ್ರಕರಣಗಳು ಸುಮಾರು ಶೇ. 80 ಇಳಿದವು. ಹೊಸ ಗೋಡೆ ಕಟ್ಟಲಿಲ್ಲ, ಹೊಸ ಕಾನೂನು ತರಲಿಲ್ಲ. ಬರೆಯುವ ರೀತಿ ಬದಲಾಯಿತು, ಅಷ್ಟೇ.

ಅದೇ ವಿಯೆನ್ನಾದ ಸಂಶೋಧಕರು 2010ರಲ್ಲಿ ಇನ್ನೊಂದು ವಿಷಯ ಹೇಳಿದರು. ಕಷ್ಟಕ್ಕೆ ಸಿಕ್ಕಿ ಸಾಯಬೇಕು ಅಂದುಕೊಂಡು, ಆಮೇಲೆ ಅದರಿಂದ ಹೊರಬಂದವರ ಕಥೆ ಪ್ರಕಟವಾದಾಗ ಆತ್ಮಹತ್ಯೆ ಇಳಿಯುವ ಲಕ್ಷಣ ಇದೆ ಅಂತ. ಇದಕ್ಕೆ ಅವರಿಟ್ಟ ಹೆಸರು 'ಪಪಗೇನೊ ಪರಿಣಾಮ'. ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಸಂಗೀತ ನಾಟಕದಲ್ಲಿ ಪಪಗೇನೊ ಅನ್ನುವ ಹಕ್ಕಿ ಹಿಡಿಯುವವನು ಸಾಯಲು ಹೊರಟಾಗ ಮೂವರು ಹುಡುಗರು ಬಂದು ತಡೆಯುತ್ತಾರೆ, ಬೇರೆ ದಾರಿ ಇದೆ ಅಂತ ನೆನಪಿಸುತ್ತಾರೆ. ಅಂದರೆ ಮಾಧ್ಯಮಕ್ಕೆ ಮೌನ ಒಂದೇ ದಾರಿಯಲ್ಲ. ಹೇಗೆ ಸತ್ತರು ಅನ್ನುವುದನ್ನು ಬಿಟ್ಟು, ಹೇಗೆ ಬದುಕಿದರು ಅನ್ನುವುದನ್ನು ಹೇಳಬಹುದು.

ಈಗ ನಮ್ಮ ಮನೆಗೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಜನ. ದಿನಕ್ಕೆ ಭಾಗಿಸಿ ನೋಡಿ, 460ಕ್ಕೂ ಹೆಚ್ಚು. ಇವುಗಳಲ್ಲಿ ಎಷ್ಟೋ ಸಾವುಗಳು ಸುದ್ದಿಯಾಗಿ ನಮ್ಮ ಡೆಸ್ಕ್‌ಗೆ ಬರುತ್ತವೆ. ಜಿಲ್ಲಾ ವರದಿಗಾರ ಫೋನ್ ಮಾಡುತ್ತಾನೆ, ವಿಷುವಲ್ ಬಂದಿದೆ ಅಂತಾನೆ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ, ಪೊಲೀಸರು ಮಹಜರು ಮಾಡುತ್ತಿರುವ ದೃಶ್ಯ, ಬರೆದಿಟ್ಟ ಪತ್ರ, ಅಳುತ್ತಿರುವ ತಾಯಿ. ರನ್‌ಡೌನ್‌ನಲ್ಲಿ ಎಲ್ಲಿ ಹಾಕಬೇಕು, ಎಷ್ಟು ಸಲ ತಿರುಗಿಸಬೇಕು, ಟಿಕ್ಕರ್‌ನಲ್ಲಿ ಏನು ಬರೆಯಬೇಕು ಅನ್ನುವುದನ್ನು ಎರಡು ನಿಮಿಷದಲ್ಲಿ ತೀರ್ಮಾನಿಸಬೇಕು. ಪಕ್ಕದ ಟಿವಿಯಲ್ಲಿ ಬೇರೆ ಚಾನೆಲ್ ಆಗಲೇ ಅದನ್ನು ಬ್ರೇಕಿಂಗ್ ಮಾಡಿರುತ್ತೆ. ಆ ಒತ್ತಡ ಏನು ಅಂತ ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತು.

ನಿಯಮ ಇಲ್ಲವಾ? ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ನಿಯಮ ಪ್ರಕಟಿಸಿತು. ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬೇಡಿ, ಮತ್ತೆ ಮತ್ತೆ ಹೇಳಬೇಡಿ, ವಿಧಾನ ವಿವರಿಸಬೇಡಿ, ಸ್ಥಳದ ವಿವರ ಕೊಡಬೇಡಿ, ರೋಚಕ ಶೀರ್ಷಿಕೆ ಬೇಡ, ಫೋಟೋ ವಿಡಿಯೋ ಬೇಡ. ಆದರೆ ಪತ್ರಿಕಾ ಮಂಡಳಿಯ ವ್ಯಾಪ್ತಿ ಪತ್ರಿಕೆಗಳಿಗೆ, ಸುದ್ದಿ ಸಂಸ್ಥೆಗಳಿಗೆ. ಟಿವಿಗೆ ಇರುವುದು ಕೇಬಲ್ ಟಿವಿ ಕಾಯ್ದೆಯ ಕಾರ್ಯಕ್ರಮ ಸಂಹಿತೆ, ನಮ್ಮದೇ ಸ್ವಯಂ ನಿಯಂತ್ರಣ, ಮತ್ತು ಕೇಂದ್ರ ವಾರ್ತಾ ಇಲಾಖೆ ಆಗಾಗ ಕಳಿಸುವ ಸಲಹೆ. 2023ರ ಜನವರಿಯಲ್ಲೂ ಅಪಘಾತ, ಸಾವು, ಹಿಂಸೆಯ ದೃಶ್ಯಗಳನ್ನು ಹಾಗೇ ತೋರಿಸಬೇಡಿ ಅಂತ ಸಲಹೆ ಬಂತು. ಸಲಹೆ ಸಲಹೆಯಾಗಿಯೇ ಉಳಿಯುತ್ತೆ, ಅನುಸರಿಸುವ ಮನಸ್ಸು ನಮಗೆ ಇದ್ದರೆ ಮಾತ್ರ ಉಪಯೋಗ.

ಈಗ ಆ ಶೀರ್ಷಿಕೆಗೆ ವಾಪಸ್ ಬರುತ್ತೇನೆ. 'ಬೇಜಾರಾಯಿತು, ನೇಣು ಹಾಕಿಕೊಂಡಳು'. ಒಂದು ಕಾರಣ, ಒಂದು ವಿಧಾನ, ಎರಡೂ ಮೂರು ಪದದಲ್ಲಿ. ಓದಿದಾಗ ಎಲ್ಲೋ ನೋಡಿದ ಹಾಗೆ ಇದೆಯಲ್ಲ? ಹೌದು, ನಮ್ಮ ಸ್ಕ್ರೀನ್ ಮೇಲೆ. 'ಮೊಬೈಲ್ ಕೊಡಿಸಲಿಲ್ಲ ಅಂತ ಬಾಲಕ ಆತ್ಮಹತ್ಯೆ'. 'ಕಡಿಮೆ ಅಂಕ, ವಿದ್ಯಾರ್ಥಿನಿ ನೇಣಿಗೆ ಶರಣು'. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಮಧ್ಯಾಹ್ನ ಟಿವಿ ಹಾಕಿ ನೋಡಿ. ಫೇಲಾದ ಮಗು ಮನೆಯಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತೆ. ಅದೇ ಹೊತ್ತಿಗೆ ಟಿವಿ ಹೇಳುತ್ತಿರುತ್ತೆ, ಫೇಲಾದರೆ ಮುಂದಿನ ಹೆಜ್ಜೆ ಇದು ಅಂತ. ಒಂದು ಸಾವಿಗೆ ಎಂದೂ ಒಂದೇ ಕಾರಣ ಇರುವುದಿಲ್ಲ. ಅಂಕಪಟ್ಟಿಯ ಹಿಂದೆ ಎಷ್ಟೋ ತಿಂಗಳ ನಿದ್ದೆಗೆಟ್ಟ ರಾತ್ರಿ, ಮನೆಯ ಜಗಳ, ಯಾರಿಗೂ ಹೇಳಲಾಗದ ಖಿನ್ನತೆ ಇರುತ್ತೆ. ಅದನ್ನೆಲ್ಲ ಅಳಿಸಿ 'ಕಡಿಮೆ ಅಂಕ' ಅಂತ ಬರೆದಾಗ, ಅಷ್ಟೇ ಅಂಕ ಪಡೆದ ಉಳಿದ ಸಾವಿರ ಮಕ್ಕಳಿಗೆ ನಾವು ಏನು ಹೇಳಿದ ಹಾಗಾಯಿತು?

ಇನ್ನು ಆ 'ಶರಣು' ಅನ್ನುವ ಪದ. ಇದು ನಮ್ಮ ಕನ್ನಡ ಸುದ್ದಿಮನೆಯದೇ ಸೃಷ್ಟಿ. 'ಆತ್ಮಹತ್ಯೆಗೆ ಶರಣು', 'ನೇಣಿಗೆ ಶರಣು'. ಕೇಳಿ ಕೇಳಿ ಎಷ್ಟು ಅಭ್ಯಾಸವಾಗಿದೆ ಅಂದರೆ ಯಾರೂ ನಿಂತು ಯೋಚಿಸುವುದೇ ಇಲ್ಲ. ಶರಣು ಅಂದರೆ ಏನು? ಕಷ್ಟದಲ್ಲಿದ್ದವನು ಆಶ್ರಯ ಕೇಳಿ ಹೋಗುವುದು. ದೇವರಿಗೆ ಶರಣು, ಗುರುವಿಗೆ ಶರಣು. ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದವರನ್ನು ಶರಣರು ಅಂದೆವು. ಎದುರಿಗೆ ಬಂದವರಿಗೆ 'ಶರಣು ಶರಣಾರ್ಥಿ' ಅಂತ ಕೈ ಮುಗಿಯುವ ನಾಡು ಇದು. ರಕ್ಷಣೆ ಸಿಗುವ ಜಾಗಕ್ಕೆ ಇಟ್ಟ ಪದವನ್ನು ತೆಗೆದುಕೊಂಡು ಹೋಗಿ ನೇಣಿನ ಪಕ್ಕ ಇಟ್ಟಿದ್ದೇವೆ. ನೊಂದವನಿಗೆ ಅಲ್ಲಿ ಆಶ್ರಯ ಸಿಕ್ಕಿತು ಅಂತ ಹೇಳಿದ ಹಾಗೆ. ಆತ್ಮಹತ್ಯೆಯನ್ನು ಪರಿಹಾರ ಎಂಬಂತೆ ತೋರಿಸಬೇಡಿ ಅಂತ ಜಗತ್ತಿನ ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ನಮ್ಮ ಭಾಷೆಯಲ್ಲಿ ಆ ತಪ್ಪು ಒಂದೇ ಪದದಲ್ಲಿ ಮುಗಿದುಹೋಗುತ್ತೆ.

ಇದನ್ನು ಬದಲಾಯಿಸಲು ಯಾವ ಕಾಯ್ದೆಯೂ ಬೇಕಿಲ್ಲ. 'ಆತ್ಮಹತ್ಯೆಯಿಂದ ಸಾವು' ಅಂತ ಬರೆದರೆ ಸುದ್ದಿ ಸುದ್ದಿಯಾಗಿಯೇ ಇರುತ್ತೆ. ಕಾರಣ ಪೊಲೀಸ್ ತನಿಖೆಯಲ್ಲಿದೆ ಅಂದರೆ ಸುಳ್ಳೂ ಆಗುವುದಿಲ್ಲ. ಹಗ್ಗದ ಗ್ರಾಫಿಕ್ಸ್, ನೆರಳಿನ ಆನಿಮೇಷನ್ ತೆಗೆದರೆ ಟಿಆರ್‌ಪಿ ಬಿದ್ದೇ ಹೋಗುತ್ತೆ ಅನ್ನುವುದಕ್ಕೆ ಆಧಾರ ಇಲ್ಲ. ಕೆಳಗಿನ ಪಟ್ಟಿಯಲ್ಲಿ 14416 ಅಂತ ಒಂದು ನಂಬರ್ ಓಡಿಸಲು ಖರ್ಚು ಏನೂ ಇಲ್ಲ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಇದರ ನೇತೃತ್ವ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು.

ವೀಕ್ಷಕರಾದ ನಿಮ್ಮಲ್ಲೂ ಒಂದು ಕೆಲಸ ಇದೆ. ರಿಮೋಟ್ ನಿಮ್ಮ ಕೈಯಲ್ಲಿದೆ. ಅಂಥ ದೃಶ್ಯ ಬಂದಾಗ ಚಾನೆಲ್ ಬದಲಾಯಿಸಿ, ಅದು ನಮ್ಮದೇ ಚಾನೆಲ್ ಆದರೂ ಸರಿ. ವಾಟ್ಸಾಪ್‌ಗೆ ಬಂದ ವಿಡಿಯೋವನ್ನು ಮುಂದಕ್ಕೆ ಕಳಿಸಬೇಡಿ, ಅಲ್ಲೇ ಅಳಿಸಿ. ಫಲಿತಾಂಶದ ದಿನ ಮನೆಯಲ್ಲಿ ಮಕ್ಕಳಿದ್ದರೆ ಅವರ ಪಕ್ಕ ಕೂತು ಊಟ ಮಾಡಿ. ಯಾರಾದರೂ 'ಸಾಕಾಗಿದೆ, ಬದುಕೋದೇ ಬೇಡ' ಅಂದರೆ 'ಏನೋ ಬೇಜಾರಿಗೆ ಅಂದಿದ್ದಾರೆ' ಅಂತ ತಳ್ಳಿಹಾಕಬೇಡಿ. ಕೇಳಿ. ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಹೋಗುವುದಿಲ್ಲ, ಇದನ್ನು ತಜ್ಞರು ಮತ್ತೆ ಮತ್ತೆ ಹೇಳಿದ್ದಾರೆ. ಅವರನ್ನು ಒಬ್ಬರೇ ಬಿಡಬೇಡಿ, ಆ ನಂಬರ್‌ಗೆ ನೀವೇ ಫೋನ್ ಮಾಡಿಕೊಡಿ.

ಸಿಬಿಎಸ್‌ನವರು ಒಂದು ಕಂತನ್ನು ಕಪಾಟಿಗೆ ಹಾಕಿದರು. ಅದನ್ನು ಹುಡುಕಿ ನೋಡುವ ಆಸೆ ನನಗಿಲ್ಲ. ನಮ್ಮ ಪ್ರತಿಯೊಂದು ಸುದ್ದಿಮನೆಯ ಕಪಾಟಿಗೆ ಹೋಗಬೇಕಾದದ್ದು ಒಂದಿದೆ, ಅದು 'ಶರಣು' ಅನ್ನುವ ಆ ಟಿಕ್ಕರ್. ಈ ಸಲದ ಪಿಯುಸಿ ಫಲಿತಾಂಶದ ದಿನ ಸ್ಕ್ರೀನ್ ಮೇಲೆ ಆ ಪದ ಮತ್ತೆ ಬಂದರೆ, ದಯವಿಟ್ಟು ಆ ಚಾನೆಲ್‌ಗೆ ಫೋನ್ ಮಾಡಿ ಕೇಳಿ: ಯಾರಿಗೆ ಯಾರು ಶರಣು?